ಹಳೇ ಪೇಟೆ ಬೀದಿಯ ಫೈಲು ನಿಮ್ಮ ಮೇಜಿಗೆ ಬಂದಾಗ

ಸಣ್ಣ ಊರುಗಳ ಆಡಳಿತ ನಡೆಸುವ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಇಂಜಿನಿಯರುಗಳಿಗೆ,

ನಮಸ್ಕಾರ.

ಯಾವ ದೇಶದ ಯಾವ ಊರಾದರೂ ಸರಿ, ಒಂದಲ್ಲ ಒಂದು ದಿನ ನಿಮ್ಮ ಮೇಜಿಗೆ ಇಂಥ ಫೈಲು ಬಂದೇ ಬರುತ್ತದೆ. ಊರ ನಡುವಿನ ಹಳೇ ಪೇಟೆ ಬೀದಿ. ಅಲ್ಲೊಂದು ನೂರು ವರ್ಷ ದಾಟಿದ ಮಹಡಿ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಬೀಗ. ಗೋಡೆಯಲ್ಲಿ ತೇವ, ಚಾವಣಿಯಲ್ಲಿ ಸೋರಿಕೆ. ‘ಕಟ್ಟಡ ಶಿಥಿಲವಾಗಿದೆ, ಕೆಡವಲು ಅನುಮತಿ ಕೊಡಿ’ ಅಂತ ಮಾಲೀಕರ ಅರ್ಜಿ. ಜೊತೆಗೆ ಒಂದೇ ಹಾಳೆಯ ಸರ್ಟಿಫಿಕೇಟ್. ಸಭೆಯ ಕೊನೇ ವಿಷಯ ಅದು. ಎಲ್ಲರಿಗೂ ಎದ್ದು ಹೋಗುವ ಆತುರ. ಯಾರೋ ಒಬ್ಬರು ‘ಒಪ್ಪಿಗೆ’ ಅನ್ನುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ.

ಹಾಗೆ ತಲೆ ಆಡಿಸುವ ಮುಂಚೆ ಸ್ವಲ್ಪ ಕೇಳಿಸಿಕೊಳ್ಳಿ ಅಂತ ಈ ಪತ್ರ. ನಾನು ಹೇಳಬೇಕಾದ್ದು ಇಷ್ಟೇ: ಹಳೇ ಪೇಟೆಯ ಕಟ್ಟಡಗಳನ್ನು ಒಂದೊಂದಾಗಿ ತೂಗಬೇಡಿ. ಇಡೀ ಸಾಲನ್ನು ಒಟ್ಟಿಗೆ ನೋಡಿ. ಒಂಟಿಯಾಗಿ ನೋಡಿದರೆ ಯಾವ ಅಂಗಡಿ ಕಟ್ಟಡವೂ ದೊಡ್ಡ ಸ್ಮಾರಕದ ಥರ ಕಾಣುವುದಿಲ್ಲ. ‘ಇದರಲ್ಲೇನಿದೆ ವಿಶೇಷ?’ ಅಂತ ಕೇಳಿದರೆ ಪ್ರತಿ ಕಟ್ಟಡಕ್ಕೂ ಉತ್ತರ ‘ಏನಿಲ್ಲ’ ಅಂತಲೇ ಬರುತ್ತದೆ. ಹಾಗೇ ಒಂದೊಂದಾಗಿ ಹೋಗಿ, ಕೊನೆಗೊಂದು ದಿನ ಬೀದಿಯೇ ಇರುವುದಿಲ್ಲ. ಬೀದಿ ಕೆಡವಬೇಕು ಅಂತ ಯಾವ ಸಭೆಯಲ್ಲೂ ಯಾರೂ ನಿರ್ಧಾರ ಮಾಡಿರುವುದಿಲ್ಲ, ಅದೇ ತಮಾಷೆ.

ಈ ಸಾಲುಗಳನ್ನು ಕಟ್ಟಿದ್ದು ಹೆಸರುವಾಸಿ ವಾಸ್ತುಶಿಲ್ಪಿಗಳೇನಲ್ಲ. ಅಮೆರಿಕದ ಸಣ್ಣ ಊರುಗಳ ಕತೆ ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿನ ಎಷ್ಟೋ ವ್ಯಾಪಾರಿಗಳು ಅಂಗಡಿಯ ಮುಂಭಾಗವನ್ನು ಕ್ಯಾಟಲಾಗ್ ನೋಡಿ ಆರ್ಡರ್ ಮಾಡುತ್ತಿದ್ದರು. ಸೇಂಟ್ ಲೂಯಿಸ್‌ನ ಮೆಸ್ಕರ್ ಬ್ರದರ್ಸ್, ಇಂಡಿಯಾನಾ ರಾಜ್ಯದ ಎವಾನ್ಸ್‌ವಿಲ್‌ನ ಜಾರ್ಜ್ ಎಲ್. ಮೆಸ್ಕರ್ ಅಂಡ್ ಕಂಪನಿ, ಇವೆರಡೂ ಅಣ್ಣತಮ್ಮಂದಿರ ಕಾರ್ಖಾನೆಗಳು. ಎರಕದ ಕಬ್ಬಿಣದ ಕಂಬ, ಗೋಡೆಯ ನೆತ್ತಿಗೆ ಕೂರಿಸುವ, ಹೂಬಳ್ಳಿ ಒತ್ತಿದ ತಗಡಿನ ಅಂಚುಪಟ್ಟಿ (ಕಾರ್ನಿಸ್), ಕಿಟಕಿ ಚೌಕಟ್ಟಿನ ಅಲಂಕಾರ, ಎಲ್ಲ ಬಿಡಿಬಿಡಿಯಾಗಿ ರೈಲಿನಲ್ಲಿ ಬರುತ್ತಿತ್ತು. ಊರಿನ ಮೇಸ್ತ್ರಿ ಇಟ್ಟಿಗೆ ಗೋಡೆ ಎಬ್ಬಿಸಿ ಮುಂದೆ ಅದನ್ನು ಜೋಡಿಸುತ್ತಿದ್ದ. ಅಂದರೆ ಅವತ್ತಿನ ರೆಡಿಮೇಡ್ ಮಾಲು! ಆದರೂ ಆ ಊರುಗಳಿಗೆ ಹೋಗಿ ನೋಡಿದರೆ ಎರಡು ಬೀದಿ ಒಂದೇ ಥರ ಇರುವುದಿಲ್ಲ. ಒಬ್ಬ ಕಂಬ ಜಾಸ್ತಿ ಹಾಕಿಸಿದ್ದಾನೆ, ಇನ್ನೊಬ್ಬ ಕಾರ್ನಿಸ್ ಮೇಲೆ ತನ್ನ ಹೆಸರು, ಕಟ್ಟಿದ ಇಸವಿ ಬರೆಸಿದ್ದಾನೆ. ಪಕ್ಕದವನು ಅದಕ್ಕಿಂತ ಅರ್ಧ ಅಡಿ ಎತ್ತರ ಮಾಡಿಸಿದ್ದಾನೆ. ವ್ಯಾಪಾರಿಗಳ ಜಿದ್ದು ಅಂದರೆ ಸುಮ್ನೆನಾ?

ಇಂಥ ಕಟ್ಟಡದ ಮುಂದೆ ನಿಂತು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ. ಪ್ರತಿ ಭಾಗಕ್ಕೂ ಒಂದು ಕೆಲಸ ಇದೆ. ಕೆಳಗೆ ಮೊಣಕಾಲೆತ್ತರದ ಮರದ ಹಲಗೆ: ನೀರು ಸಿಡಿದರೂ, ಕಾಲು ತಗುಲಿದರೂ ಗಾಜಿಗೆ ಏನೂ ಆಗಬಾರದು ಅಂತ. ಅದರ ಮೇಲೆ ಸರಕು ತೋರಿಸುವ ದೊಡ್ಡ ಗಾಜು. ಕಬ್ಬಿಣದ ಕಂಬ ಮೇಲಿನ ಭಾರ ಹೊರುವುದರಿಂದಲೇ ಅಷ್ಟು ಅಗಲದ ಗಾಜು ಸಾಧ್ಯವಾಗಿದ್ದು. ಬಾಗಿಲು ಸ್ವಲ್ಪ ಒಳಕ್ಕೆ ಸರಿದಿರುತ್ತದೆ. ತೆರೆದರೆ ದಾರಿಹೋಕರಿಗೆ ಬಡಿಯುವುದಿಲ್ಲ, ಮಳೆ ಬಂದರೆ ಗಿರಾಕಿಗೆ ನಿಲ್ಲಲು ಜಾಗ. ಗಾಜಿನ ಮೇಲೆ ಇನ್ನೊಂದು ಗಾಜಿನ ಪಟ್ಟಿ. ಅಂಗಡಿಗಳ ಅಗಲ ಕಮ್ಮಿ, ಆಳ ಜಾಸ್ತಿ. ಅಷ್ಟು ಒಳಗಿನ ತನಕ ಬೆಳಕು ಹೋಗಬೇಕಲ್ಲ, ಅದಕ್ಕೇ ಆ ಪಟ್ಟಿ, ಅದಕ್ಕೇ ಎತ್ತರದ ಚಾವಣಿ. 1890ರ ದಶಕದಲ್ಲಿ ಷಿಕಾಗೋದ ಲಕ್ಸ್‌ಫರ್ ಕಂಪನಿ ಅಂಗೈಯಗಲದ ಗಾಜಿನ ಬಿಲ್ಲೆಗಳನ್ನು ಮಾಡಿ ಮಾರಿತು. ಹಿಂಬದಿಯಲ್ಲಿ ಹಲ್ಲು ಹಲ್ಲಾಗಿ ಪಟ್ಟಕ ಇರುವ ಬಿಲ್ಲೆ. ಆಕಾಶದ ಬೆಳಕನ್ನು ಬಗ್ಗಿಸಿ ಅಂಗಡಿಯ ಹಿಂದಿನ ಗೋಡೆಯ ಕಡೆಗೆ ಕಳಿಸುವುದು ಅದರ ಕೆಲಸ. ಕರೆಂಟಿನ ಖರ್ಚಿಲ್ಲ. ಈಗ ಎಷ್ಟೋ ಕಡೆ ಆ ಪಟ್ಟಿಯ ಮೇಲೆ ಫ್ಲೆಕ್ಸ್ ಬೋರ್ಡು ಹೊಡೆದು, ಒಳಗೆ ಫಾಲ್ಸ್ ಸೀಲಿಂಗ್ ಹಾಕಿ, ಹಗಲೆಲ್ಲ ಟ್ಯೂಬ್‌ಲೈಟ್ ಉರಿಸುತ್ತಾರೆ.

ಈಗ ಸಾಲಿನ ಮಾತಿಗೆ ಬರುತ್ತೇನೆ. ಪೇಟೆಯಲ್ಲಿ ಎರಡು ಕಟ್ಟಡಗಳ ನಡುವೆ ಹೆಚ್ಚಾಗಿ ಒಂದೇ ಗೋಡೆ. ಆಚೆಯವರ ತೊಲೆಯೂ ಅದರ ಮೇಲೆ, ಈಚೆಯವರ ತೊಲೆಯೂ ಅದರ ಮೇಲೆ. ಆ ಗೋಡೆಗೆ ಯಾವತ್ತೂ ಮಳೆ ಬೀಳುವುದಿಲ್ಲ ಅಂತ ಕಟ್ಟಿದವರಿಗೆ ಗೊತ್ತಿತ್ತು. ಹಾಗಾಗಿ ಚೆನ್ನಾಗಿ ಬೆಂದ ಇಟ್ಟಿಗೆ ಬೀದಿಯ ಮುಖಕ್ಕೆ, ಅರೆಬೆಂದ ಮೆತ್ತನೆ ಇಟ್ಟಿಗೆ ಒಳಗೋಡೆಗೆ ಹಾಕುವುದು ರೂಢಿ. ನೀವು ಒಂದು ಕಟ್ಟಡಕ್ಕೆ ಪರ್ಮಿಷನ್ ಕೊಟ್ಟು ಕೆಡವಿಸಿದ ದಿನ ಪಕ್ಕದ ಕಟ್ಟಡದ ಆ ಮೆತ್ತನೆ ಗೋಡೆ ಮೊದಲ ಸಲ ಬಿಸಿಲು ಮಳೆಗೆ ಬೀಳುತ್ತದೆ. ತೊಲೆ ಕಿತ್ತ ಜಾಗದಲ್ಲಿ ಸಾಲಾಗಿ ತೂತುಗಳು. ಎರಡೂ ಕಡೆಯ ಆಸರೆಯಲ್ಲಿ ನಿಂತಿದ್ದ ಗೋಡೆಗೆ ಈಗ ಒಂದೇ ಕಡೆ ಆಸರೆ. ಮೂರು ನಾಲ್ಕು ಮಳೆಗಾಲ ಕಳೆಯಲಿ, ಪಕ್ಕದವರೂ ‘ಶಿಥಿಲವಾಗಿದೆ’ ಅಂತ ಅರ್ಜಿ ಹಿಡಿದು ಬರುತ್ತಾರೆ. ಅವರ ಅರ್ಜಿಗೆ ಕಾರಣ ನೀವು ಹಿಂದೆ ಕೊಟ್ಟ ಒಪ್ಪಿಗೆ. ಒಂದು ಕಟ್ಟಡ ಕೆಡವಲು ಅನುಮತಿ ಕೊಡುವಾಗ ನಿಜಕ್ಕೂ ಮೂರು ಕಟ್ಟಡದ ಹಣೆಬರಹ ಬರೆಯುತ್ತಿದ್ದೀರಿ ಅಂತ ನೆನಪಿರಲಿ.

ಶಿಥಿಲ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡಬೇಕು. ಹಳೇ ಇಟ್ಟಿಗೆ ಗೋಡೆ ಹಾಳಾಗುವುದು ವಯಸ್ಸಿನಿಂದ ಅಂತ ನಾವು ಅಂದುಕೊಂಡಿರುತ್ತೇವೆ. ಬಹಳ ಸಲ ಅದು ಹಾಳಾಗಿರುವುದು ರಿಪೇರಿಯಿಂದ. ಸಿಮೆಂಟಿನಿಂದ ಅಂತಲೇ ಹೇಳಿಬಿಡಬಹುದು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ತೆಗೆದುಕೊಂಡಿದ್ದು 1824ರಲ್ಲಿ. ಅದು ಎಲ್ಲ ಊರಿನ ಎಲ್ಲ ಮೇಸ್ತ್ರಿಗಳ ಕೈಗೆ ಬರಲು ಎಷ್ಟೋ ಕಾಲ ಹಿಡಿಯಿತು. ಅಲ್ಲಿಯವರೆಗೆ ಇಟ್ಟಿಗೆಗಳ ನಡುವಿನ ಸಂದಿಗೆ ತುಂಬುತ್ತಿದ್ದದ್ದು ಸುಣ್ಣದ ಗಾರೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಗೋಡೆ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿದರೆ ಗಾರೆ ಜಗ್ಗಿಕೊಳ್ಳುತ್ತದೆ. ಗೋಡೆಯೊಳಗೆ ನೀರು ಸೇರಿದರೆ ಆ ಸಂದಿಯ ಮೂಲಕವೇ ಆರಿಹೋಗುತ್ತದೆ. ವರ್ಷಗಳು ಕಳೆದಂತೆ ಸವೆಯುವುದು ಗಾರೆ, ಉಳಿಯುವುದು ಇಟ್ಟಿಗೆ. ಸವೆದ ಗಾರೆಯನ್ನು ಕೆರೆದು ತೆಗೆದು ಹೊಸದು ತುಂಬಿದರೆ ಮುಗಿಯಿತು.

ಆ ಸಂದಿಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿ ನೋಡಿ. ಲೆಕ್ಕ ತಿರುಗುಮುರುಗು ಆಗುತ್ತದೆ. ಸಂದಿ ಗಟ್ಟಿ, ಇಟ್ಟಿಗೆ ಮೆತ್ತಗೆ. ನೀರಿಗೆ ಸಂದಿಯಲ್ಲಿ ದಾರಿಯಿಲ್ಲ, ಇಟ್ಟಿಗೆಯ ಮುಖದಿಂದಲೇ ಹೊರಗೆ ಬರಬೇಕು. ಬರುವಾಗ ಉಪ್ಪನ್ನೂ ತರುತ್ತದೆ. ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಒಳಗಿನಿಂದ ತಳ್ಳುತ್ತದೆ. ಚಳಿದೇಶಗಳಲ್ಲಿ ಇದೇ ಕೆಲಸವನ್ನು ಹೆಪ್ಪುಗಟ್ಟಿದ ನೀರು ಮಾಡುತ್ತದೆ. ಇಟ್ಟಿಗೆ ಪದರ ಪದರವಾಗಿ ಕಳಚಿ ಬೀಳುತ್ತದೆ, ಸುತ್ತ ಸಿಮೆಂಟಿನ ಗೆರೆಗಳು ಮಾತ್ರ ಜೇನುಗೂಡಿನ ಹಾಗೆ ಎದ್ದು ನಿಲ್ಲುತ್ತವೆ. ಇದನ್ನು ನೋಡಿದವರು ‘ಅಯ್ಯೋ, ಇಟ್ಟಿಗೆ ಪುಡಿಯಾಗ್ತಿದೆ, ಇನ್ನೂ ಗಟ್ಟಿ ಪ್ಲಾಸ್ಟರ್ ಬಳೀರಿ’ ಅನ್ನುತ್ತಾರೆ!

ಪರೀಕ್ಷೆ ಮಾಡಲು ದೊಡ್ಡ ತಜ್ಞರೇ ಬರಬೇಕಾಗಿಲ್ಲ. ಜೇಬಿನಲ್ಲಿರುವ ಕೀಲಿಯಿಂದ ಯಾರ ಕಣ್ಣಿಗೂ ಬೀಳದ ಒಂದು ಮೂಲೆಯಲ್ಲಿ ಸಂದಿಯನ್ನು ಸ್ವಲ್ಪ ಕೆರೆಯಿರಿ. ಬಿಳಿ ಅಥವಾ ಮರಳು ಬಣ್ಣದ ಪುಡಿ ಉದುರಿ, ನಡುನಡುವೆ ಸಣ್ಣ ಸುಣ್ಣದ ಗಂಟು ಕಂಡರೆ ಅದು ಹಳೇ ಗಾರೆ. ಬೂದು ಬಣ್ಣ ಇದ್ದು ಕೀಲಿಯೇ ಜಾರಿದರೆ ಯಾರೋ ಸಿಮೆಂಟ್ ತುಂಬಿದ್ದಾರೆ. ನಿಮ್ಮ ಇಂಜಿನಿಯರ್ ಕೊಡುವ ಶಿಥಿಲತೆಯ ವರದಿಯಲ್ಲಿ ಈ ಒಂದು ಸಾಲಾದರೂ ಇರಲಿ: ಗೋಡೆ ಹಾಳಾಗಿದ್ದು ಯಾಕೆ? ಕಾರಣ ಬರೆಯದ ವರದಿಯನ್ನು ವಾಪಸ್ ಕಳಿಸಿ.

ಸ್ಯಾಂಡ್‌ಬ್ಲಾಸ್ಟಿಂಗ್ ಅಂತ ಇನ್ನೊಂದು ಇದೆ. ಹಳೇ ಬಣ್ಣ, ಹೊಗೆಯ ಕಪ್ಪು ತೆಗೆಯಲು ಮರಳನ್ನು ಜೋರಾಗಿ ಗೋಡೆಗೆ ಹೊಡೆಯುವುದು. ಬೀದಿ ಒಂದೇ ವಾರದಲ್ಲಿ ಫಳಫಳ ಹೊಳೆಯುತ್ತದೆ, ಉದ್ಘಾಟನೆಗೂ ಚೆಂದ. ಆದರೆ ಸುಟ್ಟ ಇಟ್ಟಿಗೆಗೆ ಹೊರಗಡೆ ಒಂದು ಗಟ್ಟಿ ಚರ್ಮ ಇರುತ್ತದೆ. ಮರಳು ಅದನ್ನೇ ಕಿತ್ತುಹಾಕುತ್ತದೆ. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಅಮೆರಿಕದ ಸರ್ಕಾರ ಹಳೇ ಕಟ್ಟಡಗಳ ನವೀಕರಣಕ್ಕೆ ಹಾಕಿರುವ ನಿಯಮಗಳಲ್ಲಿ ಇದನ್ನು ಹೆಸರು ಹಿಡಿದು ಬೇಡ ಅಂದಿದ್ದಾರೆ. ನಿಮ್ಮ ಟೆಂಡರಿನಲ್ಲೂ ಅದೊಂದು ಸಾಲು ಹಾಕಿ.

ಹಳೇದನ್ನು ಮುಚ್ಚಿ ಹೊಸದಾಗಿ ಕಾಣಿಸುವ ಚಪಲಕ್ಕೂ ಒಂದು ಚರಿತ್ರೆ ಇದೆ. 1956ರಲ್ಲಿ ಅಮೆರಿಕದ ಮಿನ್ನೆಸೋಟಾದ ಈಡೈನಾದಲ್ಲಿ ಸೌತ್‌ಡೇಲ್ ಅನ್ನುವ ಮಾಲ್ ಶುರುವಾಯಿತು. ಪೂರ್ತಿ ಮುಚ್ಚಿದ, ಏಸಿ ಇದ್ದ ಆ ಥರದ ಮೊದಲ ಮಾಲ್ ಅದು. ವಿನ್ಯಾಸ ವಿಕ್ಟರ್ ಗ್ರೂಯೆನ್ ಅವರದ್ದು. ಮಾಲುಗಳು ಹೆಚ್ಚಿದಂತೆ ಪೇಟೆ ಬೀದಿಗಳಿಗೆ ಗಿರಾಕಿ ಕಮ್ಮಿಯಾದರು. ಗಾಬರಿಯಾದ ಅಂಗಡಿಯವರು ಹಳೇ ಮುಖ ಕಾಣದ ಹಾಗೆ ಅಲ್ಯೂಮಿನಿಯಂ ತಗಡು ಹೊದಿಸಿದರು. ತಗಡು ಸಮ ಕೂರಲಿ ಅಂತ ಕೆಲವರು ಕಾರ್ನಿಸನ್ನೇ ಕಡಿದುಹಾಕಿದರು. ಗಿರಾಕಿ ಬಂದರಾ? ಇಲ್ಲ. ಅದೇ ಗ್ರೂಯೆನ್ ಅವರ ಸಲಹೆಯಂತೆ 1959ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಊರು ತನ್ನ ಪೇಟೆ ಬೀದಿಯಲ್ಲಿ ಗಾಡಿ ಓಡಾಟ ನಿಲ್ಲಿಸಿ, ಬರೀ ನಡೆಯುವವರಿಗೆ ಬಿಟ್ಟಿತು. ರೋಗ ತಂದವರ ಹತ್ತಿರವೇ ಔಷಧಿ ಕೇಳಿದ ಹಾಗಾಯಿತು ನೋಡಿ. ಬೇರೆ ಊರುಗಳು ಅದನ್ನೇ ನಕಲು ಮಾಡಿದವು. 1998ರಲ್ಲಿ ಕಲಮಜೂ ತಾನೇ ಬೀದಿಯ ಒಂದಷ್ಟು ಭಾಗಕ್ಕೆ ಮತ್ತೆ ಗಾಡಿ ಬಿಟ್ಟುಕೊಂಡಿತು. ಗಾಡಿ ಬಿಡುವುದು ಸರಿಯೋ ತಪ್ಪೋ ಅನ್ನುವುದು ನನ್ನ ಜಗಳವಲ್ಲ. ಪಕ್ಕದೂರಿನ ಪ್ಲಾನನ್ನು ಹಾಗೇ ಎತ್ತಿ ತರಬೇಡಿ ಅಂತಷ್ಟೇ ನನ್ನ ಮಾತು.

ಆ ತಗಡಿನ ಕತೆಯಲ್ಲಿ ಒಂದು ಒಳ್ಳೇದೂ ಇದೆ. ಈಗ ಬಿಚ್ಚಿ ನೋಡಿದರೆ ಎಷ್ಟೋ ಕಡೆ ಹಿಂದೆ ಮೂಲ ಗೋಡೆ, ಕಿಟಕಿಯ ಕಮಾನು, ಕೆಲವು ಸಲ ಬಣ್ಣದಲ್ಲಿ ಬರೆದ ಹಳೇ ಹೆಸರು ಕೂಡ ಹಾಗೇ ಸಿಗುತ್ತವೆ. ಹಾಗಾಗಿ ಸೌಂದರ್ಯೀಕರಣಕ್ಕೆ ದುಡ್ಡು ಇಟ್ಟಿದ್ದರೆ ಮೊದಲ ಕಂತನ್ನು ಹೊದಿಕೆ ಬಿಚ್ಚಲು ಕೊಡಿ. ಹೊಸ ದೀಪದ ಕಂಬ, ಬಣ್ಣದ ಇಂಟರ್‌ಲಾಕ್ ಕಲ್ಲು, ಕೈಗಡಿಯಾರದ ಜಾಹೀರಾತಿನಲ್ಲಿರುವಂಥ ಗಡಿಯಾರ ಗೋಪುರ, ಇವೆಲ್ಲ ಆಮೇಲೆ ನೋಡೋಣ.

ಮಹಡಿಯ ಬೀಗದ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕೆಳಗಿನ ಅಂಗಡಿ ನಡೆಯುತ್ತಿದ್ದರೆ ಕಟ್ಟಡ ಬದುಕಿದೆ ಅಂದುಕೊಳ್ಳುತ್ತೇವೆ. ಆದರೆ ಚಾವಣಿ ಸೋರುವುದು ಮೊದಲು ಗೊತ್ತಾಗುವುದು ಮೇಲಿನ ಮಹಡಿಯಲ್ಲಿ ಮಲಗಿದವರಿಗೆ. ಅಲ್ಲಿ ಯಾರೂ ಇಲ್ಲದಿದ್ದರೆ ಹಿತ್ತಲ ಕಡೆಯ ನೀರಿನ ಪೈಪು ಕಟ್ಟಿಕೊಂಡು, ಪ್ಯಾರಪೆಟ್ ಗೋಡೆಯ ಬುಡದಲ್ಲಿ ನೀರು ನಿಂತು, ಗೋಡೆಯೊಳಗೆ ಸೇರಿಕೊಂಡಿರುವ ತೊಲೆಯ ತುದಿ ಕೊಳೆಯುವ ತನಕ ಯಾರಿಗೂ ತಿಳಿಯುವುದಿಲ್ಲ. ತೊಲೆ ಮೊದಲು ಕೊಳೆಯುವುದೇ ಆ ತುದಿಯಲ್ಲಿ. ಸುಣ್ಣ ಬಣ್ಣಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಪಾಲನ್ನು ಆ ಪೈಪು, ಆ ಚಾವಣಿಗೆ ಹಾಕಿದರೆ ಕಟ್ಟಡಕ್ಕೆ ಎಷ್ಟೋ ಆಯಸ್ಸು ಬರುತ್ತದೆ.

ಮೇಲೆ ಯಾಕೆ ಯಾರೂ ಇಲ್ಲ? ಹೆಚ್ಚಿನ ಸಲ ನಿಮ್ಮ ನಿಯಮಗಳಿಂದಲೇ. ಹೊಸ ಕಟ್ಟಡಕ್ಕೆ ಬರೆದ ನಿಯಮವನ್ನು ಹಳೇದಕ್ಕೂ ಅಕ್ಷರಶಃ ಹಚ್ಚುತ್ತೀರಿ. ಎರಡು ಮನೆ ಮಾಡಿದರೆ ಎರಡು ಕಾರು ನಿಲ್ಲಿಸಲು ಜಾಗ ತೋರಿಸು ಅನ್ನುತ್ತೀರಿ. ಗೋಡೆಗೆ ಗೋಡೆ ಅಂಟಿರುವ ಸಾಲಿನಲ್ಲಿ ಅವರು ಎಲ್ಲಿಂದ ತರಬೇಕು? ಬೆಂಕಿಯ ವಿಷಯದಲ್ಲಿ ಮಾತ್ರ ರಿಯಾಯಿತಿ ಕೇಳುವುದಿಲ್ಲ. ಮರದ ಅಂತಸ್ತುಗಳಿರುವ ಸಾಲಿಗೆ ಬೆಂಕಿ ಬಿದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅಲಾರಂ, ಸ್ಪ್ರಿಂಕ್ಲರ್, ಎರಡನೇ ಮೆಟ್ಟಿಲು, ಏನು ಬೇಕೋ ಕೇಳಿ. ಎರಡು ಕಟ್ಟಡದವರು ಸೇರಿ ಹಿಂದೆ ಒಂದೇ ಮೆಟ್ಟಿಲು ಹಾಕಿಕೊಳ್ಳುತ್ತೇವೆ ಅಂದರೆ ಒಪ್ಪಿಕೊಳ್ಳಿ. ಪಾರ್ಕಿಂಗ್ ನಿಯಮವನ್ನು ಮಾತ್ರ ಈ ಸಾಲಿಗೆ ಕೈಬಿಡಿ.

ಪಾರ್ಕಿಂಗ್ ಅಂದಾಗ ಸವಾನಾ ಊರಿನ ನೆನಪಾಗುತ್ತದೆ. ಜಾರ್ಜಿಯಾ ರಾಜ್ಯದ ಆ ಊರಲ್ಲಿ 1954ರಲ್ಲಿ ಒಂದು ಚೌಕದಲ್ಲಿದ್ದ ಹಳೇ ಮಾರುಕಟ್ಟೆ ಕಟ್ಟಡವನ್ನು ಕೆಡವಿ ಪಾರ್ಕಿಂಗ್ ಗ್ಯಾರೇಜ್ ಕಟ್ಟಿದರು. ಜನ ಸಿಟ್ಟಾದರು, ಮರುವರ್ಷವೇ ಅಲ್ಲಿ ಹಳೇ ಕಟ್ಟಡ ಉಳಿಸುವ ಸಂಘ ಹುಟ್ಟಿತು. ಕೊನೆಗೆ ಆ ಗ್ಯಾರೇಜನ್ನೂ ಕೆಡವಿ, 2010ರಲ್ಲಿ ಆ ಜಾಗವನ್ನು ಚೌಕವಾಗಿ ಜನರಿಗೆ ತೆರೆದರು. ಕಾರು ಅಡಿಯಲ್ಲಿ, ಜನ ಮೇಲೆ. ಚೌಕ ವಾಪಸ್ ಬಂತು, ಮಾರುಕಟ್ಟೆ ಬರಲಿಲ್ಲ.

‘ಸಾಲನ್ನೇ ಕಾಯಿರಿ’ ಅನ್ನುವುದು ನನ್ನ ಹೊಸ ಕಲ್ಪನೆಯೇನಲ್ಲ. ಅಮೆರಿಕದ ಚಾರ್ಲ್ಸ್‌ಟನ್ 1931ರಲ್ಲೇ ಒಂದು ಇಡೀ ಪ್ರದೇಶಕ್ಕೆ ಇಂಥ ನಿಯಮ ಮಾಡಿತು. ಫ್ರಾನ್ಸ್ 1962ರಲ್ಲಿ ಕಾನೂನು ತಂದಿತು. ಬ್ರಿಟನ್ 1967ರಲ್ಲಿ. ಅಲ್ಲಿ ಮೊದಲು ರಕ್ಷಣೆ ಸಿಕ್ಕಿದ್ದು ಲಂಡನ್ನಿಗಲ್ಲ, ಸ್ಟ್ಯಾಮ್‌ಫರ್ಡ್ ಅನ್ನುವ ಸಣ್ಣ ಊರಿಗೆ. ಈಗ ಇಂಗ್ಲೆಂಡ್ ಒಂದರಲ್ಲೇ ಇಂಥ ಪ್ರದೇಶಗಳು ಸುಮಾರು 10,000. ನನಗೆ ತುಂಬಾ ಇಷ್ಟ ಜಪಾನಿನ ತ್ಸುಮಾಗೊ. ಹಳೇ ಹೆದ್ದಾರಿ ಪಕ್ಕದ ತಂಗುದಾಣದ ಊರು ಅದು. ರೈಲು, ಹೊಸ ರಸ್ತೆ ಬಂದ ಮೇಲೆ ಜನ ಖಾಲಿಯಾಗುತ್ತಿದ್ದರು. 1971ರಲ್ಲಿ ಊರಿನವರೇ ಸೇರಿ ಮೂರು ಮಾತಿನ ಕಟ್ಟುಪಾಡು ಮಾಡಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಕರೆಂಟಿನ ತಂತಿಯನ್ನು ಕಣ್ಣಿಗೆ ಕಾಣದ ಹಾಗೆ ಮಾಡಿದರು, ಹಗಲು ಮುಖ್ಯ ಬೀದಿಗೆ ಕಾರು ಬಿಡುವುದಿಲ್ಲ. 1975ರಲ್ಲಿ ಸರ್ಕಾರ ಕಾನೂನು ತಿದ್ದಿ ಇಂಥ ಊರುಗಳಿಗೆ ರಕ್ಷಣೆ ಕೊಟ್ಟಾಗ ಮೊದಲ ಪಟ್ಟಿಯಲ್ಲೇ ತ್ಸುಮಾಗೊ ಇತ್ತು. ‘ಬಾಡಿಗೆಗೆ ಕೊಡುವುದಿಲ್ಲ’ ಅನ್ನುವುದು ವ್ಯಾಪಾರದ ಬೀದಿಗೆ ಸರಿಹೋಗುವುದಿಲ್ಲ, ಒಪ್ಪುತ್ತೇನೆ. ಆದರೆ ಮೊದಲು ಊರವರು, ಆಮೇಲೆ ಕಾನೂನು ಅನ್ನುವ ಆ ಕ್ರಮ ಎಲ್ಲ ಕಡೆಗೂ ಸರಿ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮಾಲೀಕರ ಕೈ ಕಟ್ಟಿಹಾಕಿ, ಖರ್ಚು ಮಾತ್ರ ನೀವೇ ನೋಡಿಕೊಳ್ಳಿ ಅನ್ನುವುದು ದಬ್ಬಾಳಿಕೆ. ಅಮೆರಿಕದಲ್ಲಿ ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ನಿಯಮದ ಪ್ರಕಾರ ನವೀಕರಿಸಿದರೆ ಖರ್ಚಿನ ಶೇ. 20ರಷ್ಟನ್ನು ಕೇಂದ್ರದ ತೆರಿಗೆಯಲ್ಲಿ ಕಳೆಯುತ್ತಾರೆ. ಅಷ್ಟು ನಿಮ್ಮ ಕೈಲಾಗದಿರಬಹುದು. ಆಸ್ತಿ ತೆರಿಗೆಯಲ್ಲಿ ಕೆಲವು ವರ್ಷ ರಿಯಾಯಿತಿ, ಅನುಮತಿ ಶುಲ್ಕ ಮನ್ನಾ, ಇಡೀ ಸಾಲಿಗೆ ಒಟ್ಟಿಗೆ ಸುಣ್ಣ ಮರಳು ತರಿಸಿಕೊಡುವುದು, ಇವು ನಿಮ್ಮ ಕೈಯಲ್ಲೇ ಇವೆ. 1977ರಲ್ಲಿ ಅಮೆರಿಕದ ನ್ಯಾಷನಲ್ ಟ್ರಸ್ಟ್ ಅನ್ನುವ, ಹಳೇ ಕಟ್ಟಡ ಉಳಿಸುವ ಸಂಸ್ಥೆ ಮೂರು ಸಣ್ಣ ಊರುಗಳಲ್ಲಿ ಪ್ರಯೋಗ ಶುರುಮಾಡಿತು: ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್. ಬರೀ ಗೋಡೆ ರಿಪೇರಿಯ ಕೆಲಸ ಅದಾಗಿರಲಿಲ್ಲ. ಅಂಗಡಿಯವರನ್ನು ಒಟ್ಟುಗೂಡಿಸುವುದು, ವ್ಯಾಪಾರ ತರುವುದು, ಖಾಲಿ ಕಟ್ಟಡಕ್ಕೆ ಬಾಡಿಗೆದಾರರನ್ನು ಹುಡುಕುವುದು, ಎಲ್ಲ ಸೇರಿತ್ತು. 1980ರ ಹೊತ್ತಿಗೆ ಅದು ದೇಶದ ಕಾರ್ಯಕ್ರಮವೇ ಆಯಿತು.

ಹಾಗಂತ ಬೀದಿ ಚೆಂದವಾದ ಕೂಡಲೇ ಅಲ್ಲಿದ್ದವರನ್ನು ಓಡಿಸಿದರೆ ಏನು ಉಪಯೋಗ? ಮಲೇಷ್ಯಾದಲ್ಲಿ ಹಳೇ ಬಾಡಿಗೆ ನಿಯಂತ್ರಣ ಕಾನೂನು ರದ್ದಾಗಿ 2000ದಲ್ಲಿ ಅದರ ರಕ್ಷಣೆ ಮುಗಿಯಿತು. ಪೆನಾಂಗ್‌ನ ಜಾರ್ಜ್ ಟೌನ್‌ನಲ್ಲಿ ತಲೆಮಾರುಗಳಿಂದ ಅಂಗಡಿಮನೆಗಳಲ್ಲಿದ್ದ ಎಷ್ಟೋ ಕುಟುಂಬಗಳು ಜಾಗ ಬಿಡಬೇಕಾಯಿತು. ಎಂಟು ವರ್ಷದ ಮೇಲೆ ಅದೇ ಊರು ಯುನೆಸ್ಕೋ ಪಟ್ಟಿ ಸೇರಿತು. ನೀವು ಸಹಾಯಧನ ಕೊಡುವುದಾದರೆ ‘ಈಗಿರುವ ಬಾಡಿಗೆದಾರರನ್ನು ಇಷ್ಟು ವರ್ಷ ಉಳಿಸಿಕೊಳ್ಳಬೇಕು’ ಅಂತ ಷರತ್ತು ಹಾಕಿಯೇ ಕೊಡಿ.

ಎಲ್ಲ ಕಟ್ಟಡವನ್ನೂ ಉಳಿಸಲೇಬೇಕು ಅಂತ ನಾನು ಹಟ ಹಿಡಿದಿಲ್ಲ. ಕೆಲವು ನಿಜವಾಗಿ ಕೈಮೀರಿರುತ್ತವೆ. ಭೂಕಂಪದ ಪ್ರದೇಶದಲ್ಲಿ ಕಟ್ಟಿಹಾಕದ ಪ್ಯಾರಪೆಟ್ ಜನರ ತಲೆ ಮೇಲೆ ಬೀಳುತ್ತದೆ, ಅದಕ್ಕೆ ಮೊದಲು ಕಬ್ಬಿಣದ ಬಂಧ ಹಾಕಬೇಕು. ಹೊಸ ಕಟ್ಟಡ ಬರಲಿ, ಸಾಲಿನ ಎತ್ತರ, ಅಗಲ, ಬೀದಿಗೆ ಮುಖ ಮಾಡಿದ ಬಾಗಿಲು ಇವನ್ನು ಗೌರವಿಸಲಿ ಸಾಕು. ಹಳೇದರ ನಕಲು ಬೇಡ. ನ್ಯೂಜಿಲೆಂಡಿನ ನೇಪಿಯರ್ ಊರಿನ ಪೇಟೆ 1931ರ ಫೆಬ್ರವರಿ 3ರ ಭೂಕಂಪ ಮತ್ತು ಬೆಂಕಿಯಲ್ಲಿ ಹೋಯಿತು. ಜನ ಅದನ್ನು ತಮ್ಮ ಕಾಲದ ಆರ್ಟ್ ಡೆಕೊ ಶೈಲಿಯಲ್ಲಿ ಕಟ್ಟಿಕೊಂಡರು. 1985ರಲ್ಲಿ ಅದನ್ನು ಕಾಯಲು ಟ್ರಸ್ಟ್ ಹುಟ್ಟಿದಾಗ ಆ ಕಟ್ಟಡಗಳಿಗೆ ಐವತ್ತು ವರ್ಷವಷ್ಟೇ. ಇವತ್ತು ಜಗತ್ತಿನ ಮೂಲೆಮೂಲೆಯಿಂದ ಜನ ಅದನ್ನೇ ನೋಡಲು ಹೋಗುತ್ತಾರೆ.

ನಿಮ್ಮಿಂದ ನನಗೆ ಬೇಕಾದ್ದು ದೊಡ್ಡ ಯೋಜನೆಯಲ್ಲ. ಮೊದಲು ಆ ಬೀದಿಯ ಎರಡೂ ಬದಿಯ ಫೋಟೋ ತೆಗೆಸಿ, ಪ್ರತಿ ಕಟ್ಟಡಕ್ಕೆ ಒಂದು ಹಾಳೆಯಂತೆ ದಾಖಲೆ ಮಾಡಿಸಿ. ಅಮೆರಿಕದಲ್ಲಿ ಸ್ಯಾನ್‌ಬೋರ್ನ್ ಕಂಪನಿ 1867ರಿಂದ ಬೆಂಕಿ ವಿಮೆಗಾಗಿ ಊರೂರಿನ ನಕ್ಷೆ ಮಾಡಿತು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ವಿಮೆ ಲೆಕ್ಕಕ್ಕೆ ಮಾಡಿದ ಆ ಹಾಳೆಗಳನ್ನೇ ಹಿಡಿದು ಇವತ್ತು ಅಲ್ಲಿನವರು ಯಾವ ಗೋಡೆ ಯಾವಾಗಿನದು ಅಂತ ಹೇಳುತ್ತಾರೆ. ನಿಮ್ಮ ಕಚೇರಿಯ ಕಪಾಟಿನಲ್ಲೂ ಹಳೇ ತೆರಿಗೆ ರಿಜಿಸ್ಟರ್, ಸರ್ವೆ ನಕ್ಷೆ ಇದ್ದೇ ಇರುತ್ತವೆ. ಗೆದ್ದಲು ತಿನ್ನುವ ಮುಂಚೆ ಸ್ಕ್ಯಾನ್ ಮಾಡಿಸಿಬಿಡಿ.

ಆ ದಾಖಲೆ ಮುಗಿಯುವ ತನಕ ಪೇಟೆ ಬೀದಿಯಲ್ಲಿ ಕೆಡವುವ ಯಾವ ಅರ್ಜಿಗೂ ಒಪ್ಪಿಗೆ ಕೊಡುವುದಿಲ್ಲ ಅಂತ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿ. ಜನರಿಗೆ ಅಪಾಯ ಇರುವ ಕಟ್ಟಡವಾದರೆ ಹಳೇ ಕಟ್ಟಡದ ಕೆಲಸ ಗೊತ್ತಿರುವ ಇನ್ನೊಬ್ಬ ಇಂಜಿನಿಯರ್ ಬಂದು ನೋಡಲಿ. ಅಲ್ಲಿಯವರೆಗೆ ಆಸರೆ ಕೊಟ್ಟು, ಬೇಲಿ ಹಾಕಿ. ಅರ್ಜಿ ನೋಟಿಸನ್ನು ಕಚೇರಿಯ ಒಳಬಾಗಿಲ ಹಿಂದೆ ಅಂಟಿಸುವ ಬದಲು ಆ ಕಟ್ಟಡದ ಮುಂದೆಯೇ, ಎಲ್ಲರಿಗೂ ಓದಲು ಸಿಗುವ ಹಾಗೆ, ಒಂದು ತಿಂಗಳು ಹಾಕಿ. ಅಕ್ಕಪಕ್ಕದ ನಡುಗೋಡೆಯವರಿಗೆ ಕೈಯಲ್ಲೇ ಒಂದು ಪ್ರತಿ ಕೊಡಿ. ಅವರು ಏನು ಹೇಳುತ್ತಾರೋ ಅದನ್ನು ಬರೆದುಕೊಂಡ ಮೇಲೆಯೇ ಆ ವಿಷಯ ಸಭೆಗೆ ಬರಲಿ, ಅದೂ ಕೊನೇ ವಿಷಯವಾಗಿ ಬೇಡ.

ಇಂತಿ,
ಹಳೇ ಪೇಟೆಗಳಲ್ಲಿ ತಲೆ ಎತ್ತಿಕೊಂಡು ನಡೆಯುವ ಒಬ್ಬ ನಾಗರಿಕ